ತಾಳೆ ನೋಡಿದ ಡಿಎನ್‌ಎಸ್

ಮನುಷ್ಯ ಹೆಸರಿಟ್ಟು ಕರೆಯಲು ಕಲಿತ ದಿನವೇ ನಾಗರಿಕತೆ ಹುಟ್ಟಿತು ಎಂದು ನಾನು ಬಹುಕಾಲ ನಂಬಿದ್ದೆ. ಊರಿಗೊಂದು ಹೆಸರು, ಹೊಳೆಗೊಂದು ಹೆಸರು, ಕೊಟ್ಟಿಗೆಯ ಎಮ್ಮೆಗೂ ಒಂದು ಹೆಸರು. ಹೆಸರಿಲ್ಲದ್ದು ಇದ್ದೂ ಇಲ್ಲದಂತೆ. ಇದನ್ನು ಸಭೆಯಲ್ಲಿ ಹೇಳಿದರೆ ನಾಲ್ಕು ಜನ ತಲೆಯಾಡಿಸಬಹುದು. ಕಂಪ್ಯೂಟರಿಗೆ ಹೇಳಿದರೆ ಅದು ಬಿಳಿಯ ಪುಟವೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಅದಕ್ಕೆ ಹೆಸರು ಗೊತ್ತಿಲ್ಲ. ಅಂಕಿ ಮಾತ್ರ ಗೊತ್ತು.

ನಾವು ಹೆಸರು ಟೈಪು ಮಾಡುತ್ತೇವೆ. ಅದು ಯಾವುದೋ ದೂರದ ಕಚೇರಿಯ ಗುಮಾಸ್ತನ ಬಳಿ ಓಡಿ, "ಈ ಹೆಸರಿನ ಅಂಕಿ ಯಾವುದು?" ಎಂದು ಕೇಳಿ ಬರುತ್ತದೆ. ಆ ಗುಮಾಸ್ತನಿಗೇ ಡಿಎನ್‌ಎಸ್ ಎನ್ನುವುದು. ಅವನು ಎಲ್ಲಿ ಕೂತಿದ್ದಾನೆ ಎಂಬುದನ್ನೂ ಅಂಕಿಯಲ್ಲೇ ಬರೆದು ಕಂಪ್ಯೂಟರಿನೊಳಗೆ ಇಟ್ಟಿರಬೇಕು. ಅವನು ಕುರ್ಚಿ ಬದಲಿಸಿದರೆ, ನಾವು ಹಳೆಯ ಕುರ್ಚಿಯ ಎದುರು ನಿಂತು ಕೂಗುತ್ತಲೇ ಇರುತ್ತೇವೆ. ಈ ಕೂಗಾಟದಲ್ಲಿ ನಾನು ನಾಲ್ಕು ದಿನ ಕಳೆದೆ. ಅದರ ನೆನಪು ಬಂದರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನಿಸುತ್ತದೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಬಂದು ಎರಡು ವರ್ಷವಾಗಿತ್ತು. ಶಿರಸಿಯಲ್ಲಿ ನನ್ನದು ಟೈಪಿಂಗ್ ಕ್ಲಾಸು. ಟೈಪ್‌ರೈಟರುಗಳು ಒಂದೊಂದಾಗಿ ಗುಜರಿಗೆ ಹೋದ ಮೇಲೆ ಅದೇ ಬಾಗಿಲಿನಲ್ಲಿ ಕಂಪ್ಯೂಟರ್ ರಿಪೇರಿ ಶುರುವಾಗಿತ್ತು. ಏಪ್ರಿಲ್ ಕೊನೆಯ ಒಂದು ಬುಧವಾರ ಬೆಳಿಗ್ಗೆ ಅಂಗಡಿಯ ಕದ ತೆಗೆಯುವ ಮೊದಲೇ ಫೋನು. ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹುಲೇಕಲ್ ಕಡೆಯವಳು, ಮದುವೆಯಾಗಿ ಸಿದ್ದಾಪುರ ಪೇಟೆಯ ಸೊಸೆಯಾಗಿದ್ದಳು. ನನ್ನ ಕ್ಲಾಸಿನಲ್ಲಿ ಕೀಲಿಮಣೆಯನ್ನು ನೋಡದೆ ಟೈಪು ಮಾಡಿದ ಕೆಲವೇ ಜನರಲ್ಲಿ ಒಬ್ಬಳು. ಉಳಿದವರು ಈಗಲೂ ಹುಡುಕುತ್ತಿದ್ದಾರೆ.

"ಸರ್, ಒಂದೂ ಪುಟ ತೆರೀತಿಲ್ಲೆ. ಮೋಡೆಮ್ಮಿನ ದೀಪ ಎಲ್ಲಾ ಉರೀತಾ ಇದ್ದು. ಶನಿವಾರ ಐದು ಗಂಟೆ ಒಳಗೆ ಹದಿನೆಂಟೂ ಕಳಿಸ್ಲೇ ಬೇಕು. ಇಲ್ದಿದ್ರೆ ಎನ್ನ ಕೆಲಸ ಹೋತು, ಸರ್."

ಹದಿನೆಂಟು ಎಂದರೆ ಹದಿನೆಂಟು ಧ್ವನಿ ಕಡತಗಳು. ಪರದೇಶದ ಡಾಕ್ಟರು ರೋಗಿಯನ್ನು ನೋಡಿ ಟೇಪಿಗೆ ಹೇಳಿದ್ದನ್ನು ಕೇಳಿ, ತಪ್ಪಿಲ್ಲದೆ ಟೈಪು ಮಾಡಿ ಕಳಿಸುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಮದುವೆಗೆ ಮೊದಲು ಅವಳಿಗೆ ಶಿರಸಿಯ ಡಾಕ್ಟರೊಬ್ಬರ ಬಳಿ ಟೈಪಿಸ್ಟ್ ಕೆಲಸವಿತ್ತು; ಸಿದ್ದಾಪುರಕ್ಕೆ ಬಂದ ಮೇಲೆ ಅದು ತಪ್ಪಿತ್ತು. ಈಗ ಕಂಪನಿಯೊಂದು ಇವಳಿಗೆ ಪರೀಕ್ಷೆ ಎಂದು ಹದಿನೆಂಟು ಕಡತ ಕೊಟ್ಟಿತ್ತು. ಶನಿವಾರ ಐದಕ್ಕೆ ಬಾಗಿಲು ಮುಚ್ಚುತ್ತದೆ. ಒಂದು ಕಮ್ಮಿಯಾದರೂ ಪಟ್ಟಿಯಲ್ಲಿ ಮುಂದಿನವರಿಗೆ ಅವಕಾಶ. ರೋಗಿಗಳ ಗುಟ್ಟಿನ ವಿಷಯವಾದ್ದರಿಂದ ಸೈಬರ್ ಕೆಫೆಯಿಂದ ಕಳಿಸುವಂತಿಲ್ಲ. ಕಂಪನಿಯ ಪ್ರೋಗ್ರಾಮು ಮನೆಯ ಆ ಒಂದು ಕಂಪ್ಯೂಟರಿಗೇ ನೋಂದಣಿಯಾಗಿತ್ತು. ಮಂಗಳವಾರ ಕಡತಗಳೆಲ್ಲ ಇಳಿದಿದ್ದವು. ಅದೇ ರಾತ್ರಿ ಇಂಟರ್ನೆಟ್ಟು ಸತ್ತಿತ್ತು.

ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಗಂಟೆಗೂ ಮೀರಿದ ದಾರಿ. ನನ್ನ ಪಕ್ಕ ಕೂತವರ ತೊಡೆಯ ಮೇಲೆ ಬಿರಿದ ಹಲಸಿನಹಣ್ಣು. ಹಲಸಿನಹಣ್ಣಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದರ ವಾಸನೆ ಇಳಿಯುವ ನಿಲ್ದಾಣ ಬಂದರೂ ಇಳಿಯುವುದಿಲ್ಲ.

ಮನೆಯಲ್ಲಿ ಮೂವರು. ಸೊಸೆ, ಅತ್ತೆ, ಮಾವ. ಗಂಡನಿಗೆ ಕುಮಟಾದಲ್ಲಿ ಕೆಲಸ, ಭಾನುವಾರ ಮಾತ್ರ ಬರುವವರು. ಮಾವ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು. ಅವರ ಕೆಲಸ ಒಂದೇ: ನಕಲನ್ನು ಮೂಲದ ಪಕ್ಕ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೋಲಿಸಿ, ಕೆಳಗೆ 'ತಾಳೆ ನೋಡಿದೆ' ಎಂದು ಬರೆದು ಸಹಿ ಹಾಕುವುದು. ನಿವೃತ್ತಿಯ ನಂತರವೂ ಕೈ ಸುಮ್ಮನಿರಲಿಲ್ಲ. ನಾನು ಹೋದಾಗ ಮದುವೆ ಕರೆಯೋಲೆಯೊಂದನ್ನು ಪಂಚಾಂಗದ ಪಕ್ಕ ಇಟ್ಟು ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದರು.

"ಬನ್ನಿ ಮಾಸ್ತರೆ. ನೋಡಿ, ಇವ್ರು ನಕ್ಷತ್ರವನ್ನೇ ತಪ್ಪು ಹಾಕಿದ್ದ. ಇನ್ನು ಮಾಣಿ-ಕೂಸಿನ ಜೋಡಿ ಎಂತಕ್ಕೆ ಸರಿ ಇರ್ತು?"

ಒಳಗಿಂದ ಅತ್ತೆ, "ಆಸರಿಗೆ ಎಂತ ಬೇಕು ಮಾಸ್ತರಿಗೆ?" ಎಂದರು. ನಾನು ಮಜ್ಜಿಗೆ ಸಾಕೆಂದೆ. ಬೆಲ್ಲದ ಪಾನಕ ಬಂತು.

ಕಂಪ್ಯೂಟರು ಜಗಲಿಯ ಮೂಲೆಯಲ್ಲಿ, ದೇವರ ಪಟದ ಕೆಳಗೆ. ಮೌಸು ಮುಟ್ಟಿದರೆ ಬೆರಳು ಅಂಟಿ ನಿಂತಿತು. ಕೀಲಿಮಣೆಯ ಸಂದಿಗಳಲ್ಲಿ ಊದಿನಕಡ್ಡಿಯ ಬೂದಿ. ನಡುವೆ ಇರುವೆಗಳು ಯಾರ ಅಪ್ಪಣೆಗೂ ಕಾಯದೆ ಓಡಾಡುತ್ತಿದ್ದವು. ಸೊಸೆ ಇದರ ಮೇಲೆ ಟೈಪು ಮಾಡುತ್ತಾಳೆ ಎಂದು ನೆನೆದು ಗೌರವ ಹೆಚ್ಚಿತು.

ಮೊದಲು ಮಾಡಬೇಕಾದ್ದನ್ನು ಮಾಡಿದೆ. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಒಂದು ದೂರದ ಅಂಕಿಗೆ ಪಿಂಗ್ ಕೊಟ್ಟೆ, ಎಂದರೆ 'ಇದ್ದೀಯಾ?' ಎಂದು ಕೂಗಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. ಎಂದರೆ ಲೈನು ಸರಿ, ಮೋಡೆಮ್ ಸರಿ. ಅದೇ ಜಾಗಕ್ಕೆ ಹೆಸರಿನಿಂದ ಪಿಂಗ್ ಕೊಟ್ಟೆ: ಅಂಥವರು ಯಾರೂ ಇಲ್ಲ ಎಂದಿತು. ಹೆಸರು ಕೇಳಿದರೆ ಉತ್ತರವಿಲ್ಲ, ಅಂಕಿ ಕೇಳಿದರೆ ಉತ್ತರ ಇದೆ. ಗುಮಾಸ್ತ ಕುರ್ಚಿಯಲ್ಲಿಲ್ಲ.

ಸಹಾಯವಾಣಿಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಒಂದೇ ಪೀಪಿ. ಆಮೇಲೆ ಬೆಂಗಳೂರಿನ ಒಂದು ಎಳೆಯ ದನಿ.

"ಸರ್, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡಿದೆ. ನಿಮ್ಮ ಡಿಎನ್‌ಎಸ್ ಉತ್ತರ ಕೊಡ್ತಾ ಇಲ್ಲ."

"ಓಕೆ ಸರ್. ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡಿದೆ."

"ಓಕೆ ಸರ್. ಈಗ ಎರಡನ್ನೂ ಒಟ್ಟಿಗೆ ಆಫ್ ಮಾಡಿ."

ಇಷ್ಟು ಹೊತ್ತಿಗೆ ನಾನೇ ಆಫ್ ಆಗಿದ್ದೆ. ಫೋನಿಟ್ಟು ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ನಡೆದೆ. ಅಲ್ಲಿ ಪರಿಚಯದ ನೌಕರರೊಬ್ಬರು ಬಾಗಿಲ ಬಳಿ ಕಾಲು ಚಾಚಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಕಂಪ್ಯೂಟರಿನಲ್ಲಿದ್ದ ಡಿಎನ್‌ಎಸ್ ಅಂಕಿಗಳನ್ನು ಹೇಳಿದೆ. ಕೆಂಪು ತುಪ್ಪಿ ಬಂದು ಹೇಳಿದರು:

"ಅಯ್ಯೋ ಮಾಸ್ತರೆ, ಅದು ಹಳೇದು ಮಾರ್ರೆ. ನಿನ್ನೆ ರಾತ್ರಿಯಿಂದ ಬಂದ್. ಈಗ ಬೇರೆ ನಂಬರು."

"ಜನರಿಗೆ ಹೇಳೂದಲ್ವಾ?"

"ಯಾರಿಗೆ ಹೇಳೂದು? ಕೇಳಿದವ್ರಿಗೆ ಹೇಳ್ತಾ ಇದ್ದೆ. ನೀವೇ ಮೊದಲು ಕೇಳಿದವರು."

ಹೊಸ ಅಂಕಿಗಳನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡು ಬಂದು, ಕಂಪ್ಯೂಟರಿನ ಡಿಎನ್‌ಎಸ್ ಪುಟದಲ್ಲಿ ಹಳೆಯದನ್ನು ಅಳಿಸಿದೆ. ತುಂಬಿದೆ. ಪುಟ ತೆರೆಯಿತು. ಸೊಸೆ ಆಗಲೇ ಟೈಪು ಮಾಡಿ ಇಟ್ಟಿದ್ದ ನಾಲ್ಕು ಕಡತ ಒಂದರ ಹಿಂದೊಂದು ಹೋದವು.

'ಡಿಎನ್‌ಎಸ್ ತಾನಾಗಿ ಪಡೆಯಲಿ' ಎಂಬ ಇನ್ನೊಂದು ಆಯ್ಕೆಯೂ ಅಂಕಿ ತುಂಬುವ ಆ ಪುಟದಲ್ಲೇ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅದನ್ನು ಒತ್ತಿದ್ದರೆ ಮುಂದಿನ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲವೇನೋ. ಆದರೆ ಜಗತ್ತಿನಲ್ಲಿ ಯಾವುದೂ ತಾನಾಗಿ ಸರಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಟೈಪ್‌ರೈಟರ್ ಕಾಲದವನಿಗೆ ಅಕ್ಷರ ಒತ್ತಿದರೇ ಬೀಳಬೇಕು.

ಎರಡು ಗಂಟೆಯ ಬಸ್ಸಿಗೆ ವಾಪಸು ಹೊರಟೆ. ದಾರಿಯಲ್ಲಿ ಮೂರರ ಸುಮಾರಿಗೆ ಗುಡುಗಿತು. ಮಳೆಗಾಲಕ್ಕೆ ಮೊದಲಿನ ದಿನಗಳಲ್ಲಿ ಇದು ನಿತ್ಯದ ಕ್ರಮ. ಐದಕ್ಕೆ ಅಂಗಡಿಯಲ್ಲಿ ಫೋನು.

"ಸರ್, ಮತ್ತೆ ಹೋತು."

ಅಂದು ಫೋನು ಅವಳೊಬ್ಬಳದೇ ಅಲ್ಲ. ಮತ್ತಿಘಟ್ಟದಿಂದ ಒಬ್ಬರು, ಯಲ್ಲಾಪುರದಿಂದ ಇಬ್ಬರು, ಕಿರವತ್ತಿಯ ಧಾಬಾದ ಮಾಲಕರೊಬ್ಬರು. "ಏನ್ರೀ ಮಾಸ್ತರ, ನಮ್ಮ ಕಂಪ್ಯೂಟರಿಗೆ ಏನ್ ಮಾಟ ಮಾಡೀರಿ?" ಎಂದು ಆ ಮಾಲಕರು ಕೇಳಿದರು. ಎಲ್ಲರಿಗೂ ಹೊಸ ಅಂಕಿಗಳನ್ನು ಫೋನಿನಲ್ಲಿ ಹೇಳಿದೆ. ಎಲ್ಲರದ್ದೂ ಸರಿಯಾಗಿ, ಸರಿಯಾಗಿಯೇ ಉಳಿಯಿತು. ಸಿದ್ದಾಪುರದ್ದು ಮಾತ್ರ ನಿಲ್ಲಲಿಲ್ಲ.

ಗುರುವಾರ ಬೆಳಿಗ್ಗೆ ಮತ್ತೆ ಅದೇ ಬಸ್ಸು. ಹಲಸಿನಹಣ್ಣಿನವರು ಇರಲಿಲ್ಲ, ಒಣಮೀನಿನವರು ಇದ್ದರು. ಹೋಗಿ ಡಿಎನ್‌ಎಸ್ ಪುಟ ತೆರೆದರೆ, ನಿನ್ನೆ ನಾನು ಅಳಿಸಿದ ಹಳೆಯ ಅಂಕಿಗಳು ಏನೂ ಆಗಿಲ್ಲ ಎಂಬಂತೆ ವಾಪಸು ಬಂದು ಕೂತಿದ್ದವು.

"ಯಾರಾದ್ರೂ ಇದನ್ನ ಮುಟ್ಟಿದ್ರಾ?" ಎಂದು ಕೇಳಿದೆ.

"ಆನು ಟೈಪು ಮಾಡೂದು ಬಿಟ್ರೆ ಬೇರೆ ಎಂತೂ ಮುಟ್ಟಿದ್ನಿಲ್ಲೆ ಸರ್," ಎಂದಳು ಸೊಸೆ.

"ಎಂಗೆ ಅದರ ಹತ್ರ ಹೋಪಲೇ ಹೆದರಿಕೆ," ಎಂದರು ಅತ್ತೆ.

"ಎನ್ನ ಮನೇಲಿ ಹೊರಗಿನವ್ರಿಗೆ ಯಾರಿಗೂ ಮುಟ್ಲೆ ಬಿಡ್ತ್ನಿಲ್ಲೆ," ಎಂದರು ಮಾವ, ನನ್ನ ಪ್ರಶ್ನೆಯಿಂದ ಸ್ವಲ್ಪ ನೊಂದು.

ಹಾಗಾದರೆ ವೈರಸ್ಸೇ ಎಂದು ತೀರ್ಮಾನಿಸಿದೆ. ಆ ಕಾಲದಲ್ಲಿ ಡಿಎನ್‌ಎಸ್ ಅಂಕಿಗಳನ್ನು ಗುಟ್ಟಾಗಿ ಬದಲಿಸುವ ವೈರಸ್ಸುಗಳು ಓಡಾಡುತ್ತಿದ್ದವು. ಆದರೆ ವೈರಸ್ಸು ತನ್ನ ಕಳ್ಳ ಅಂಕಿಯನ್ನು ತುಂಬುತ್ತದೆ. ಊರಿನ ಹಳೆಯ ಅಂಕಿಯನ್ನೇ ಇಷ್ಟು ಭಕ್ತಿಯಿಂದ ತುಂಬುವ ವೈರಸ್ಸು ಯಾವುದು? ಇದನ್ನು ಕೇಳಿಕೊಳ್ಳುವಷ್ಟು ಬುದ್ಧಿ ಆ ದಿನ ನನಗಿರಲಿಲ್ಲ. ಕಸುಬಿನ ಮನುಷ್ಯನಿಗೆ ಕಾರಣ ಗೊತ್ತಾಗದಿದ್ದಾಗ ಅವನು ದೊಡ್ಡ ಕೆಲಸಕ್ಕೆ ಕೈ ಹಾಕುತ್ತಾನೆ. ಸಣ್ಣ ಕೆಲಸ ಮಾಡಿದರೆ ಅವನಿಗೆ ಗೊತ್ತಿಲ್ಲ ಎಂಬುದು ಊರಿಗೆ ಗೊತ್ತಾಗಿಬಿಡುತ್ತದೆ.

ದೊಡ್ಡ ಕೆಲಸ ಎಂದರೆ ಡಿಸ್ಕು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಹೇಗೂ ಅಳಿಸುವುದೇ ಆಯಿತು, ಒಳಗೂ ಒಮ್ಮೆ ನೋಡೋಣ ಎಂದು ಡಬ್ಬಿ ಬಿಚ್ಚಿದೆ. ಬಿಚ್ಚಬಾರದಿತ್ತು. ಫ್ಯಾನಿನ ರೆಕ್ಕೆಗಳಿಗೆ ಉದ್ದ ಕೂದಲು ಸುತ್ತಿಕೊಂಡಿತ್ತು. ಮದರ್‌ಬೋರ್ಡಿನ ಮೇಲೆ ಬೂದಿ, ಅಕ್ಷತೆಕಾಳು, ಜಿರಲೆಯ ಮೊಟ್ಟೆಯ ಚೀಲಗಳು. ಮೂಲೆಯಲ್ಲಿ ಒಂದು ಹಲ್ಲಿ, ಎಂದೋ ಸತ್ತು ಬಿಲ್ಲೆಯಾಗಿ, ನಾಲ್ಕು ಕಾಲನ್ನೂ ಚಾಚಿಕೊಂಡು ಪ್ರಾಸೆಸರಿನ ಬಿಸಿಗೆ ಮೈ ಕಾಯಿಸುವ ಭಂಗಿಯಲ್ಲಿತ್ತು. ಕಸಬರಿಗೆ ಕಡ್ಡಿಯಿಂದ ಎತ್ತಿ ಹೊರಗೆ ಹಾಕಿದೆ. ಅತ್ತೆ ಬಗ್ಗಿ ನೋಡಿ, "ಅಯ್ಯ, ಇದಾ! ಹೋದ ವರ್ಷ ಲೊಚಗುಟ್ಟೂದು ನಿಂತಿತ್ತು. ಎಲ್ಲಿ ಹೋತು ಹೇಳಿ ಯೋಚನೆ ಮಾಡಿದ್ದೆ," ಎಂದರು. ಅಂದು ಮಧ್ಯಾಹ್ನದ ಊಟದಲ್ಲಿ ಮಾವಿನಕಾಯಿಯ ಅಪ್ಪೆಹುಳಿಯೂ ನನಗೆ ರುಚಿಸಲಿಲ್ಲ.

ವಿಂಡೋಸ್ ಹಾಕಿದೆ. ಕಂಪನಿಯ ಪ್ರೋಗ್ರಾಮನ್ನು ಮತ್ತೆ ಹಾಕಿ, ಅವರಿಗೆ ಫೋನು ಮಾಡಿ ಮತ್ತೆ ನೋಂದಾಯಿಸುವಷ್ಟರಲ್ಲಿ ಎರಡು ಗಂಟೆಗೆ ಹತ್ತೇ ನಿಮಿಷ. ಹೊಸ ಡಿಎನ್‌ಎಸ್ ಅಂಕಿ ತುಂಬಿದೆ. ಎರಡು ಕಡತ ಹೋದವು. ಒಟ್ಟು ಆರು. ಆಗ ಸೊಸೆ ಪರದೆಯನ್ನು ನೋಡುತ್ತ ಮೆಲ್ಲಗೆ ಕೇಳಿದಳು:

"ಸರ್, ಎನ್ನ ಸಣ್ಣಕ್ಷರದ ಪಟ್ಟಿ ಎಲ್ಲಿದ್ದು?"

ಮೂರು ಅಕ್ಷರ ಒತ್ತಿದರೆ ಉದ್ದದ ರೋಗದ ಹೆಸರು ಪೂರ್ತಿ ಮೂಡುವಂತೆ ಅವಳು ಎರಡು ತಿಂಗಳು ಕೂತು ಒಂದು ಪಟ್ಟಿ ಮಾಡಿಕೊಂಡಿದ್ದಳು. ಅವಳ ವೇಗದ ಅರ್ಧ ಅದರಲ್ಲಿತ್ತು. ನಾನು ಅವಳ ಕಡತಗಳನ್ನು ಉಳಿಸಿದ್ದೆ. ಪಟ್ಟಿ ಬೇರೆಲ್ಲೋ ಇತ್ತು. ಅಳಿಸಿದ್ದೆ.

ಅವಳು ಬೈಯಲಿಲ್ಲ. "ಅಡ್ಡಿಲ್ಲೆ ಸರ್, ಪೂರ್ತಿ ಹೊಡೀತೆ," ಎಂದಳಷ್ಟೆ. ಬೈದಿದ್ದರೆ ಬಸ್ಸಿನಲ್ಲಿ ಸ್ವಲ್ಪ ನೆಮ್ಮದಿಯಾಗಿ ಕೂರುತ್ತಿದ್ದೆ.

ಸಂಜೆ ಐದಕ್ಕೆ ಫೋನು. "ಸರ್..." ಮುಂದಿನದ್ದನ್ನು ಅವಳು ಹೇಳಬೇಕಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಸ ಮೋಡೆಮ್ಮೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಡಿಎನ್‌ಎಸ್ ಪುಟ ತೆರೆದೆ. ನಿನ್ನೆ ಮಧ್ಯಾಹ್ನ ಹುಟ್ಟಿದ ವಿಂಡೋಸಿನೊಳಗೆ ಎರಡು ವರ್ಷದ ಹಳೆಯ ಅಂಕಿಗಳು. ಎರಡು ಸಾಲು, ಚುಕ್ಕೆಗಳೂ ಸರಿಯಾಗಿ.

ದೆವ್ವದಲ್ಲಿ ನನಗೆ ನಂಬಿಕೆ ಇಲ್ಲ; ಇದ್ದರೂ ದೆವ್ವಗಳಿಗೆ ಡಿಎನ್‌ಎಸ್ ಅಂಕಿ ಬಾಯಿಪಾಠ ಇರುವುದಿಲ್ಲ. ಅಳಿಸಿದ ಡಿಸ್ಕಿಗೆ ತಂತಿಯಿಂದ ಈ ಅಂಕಿ ಇಳಿದು ಬರುವ ದಾರಿಯೂ ಇಲ್ಲ. ಉಳಿದದ್ದು ಒಂದೇ: ಎರಡು ಗಂಟೆಯ ಬಸ್ಸು ಹೊರಟ ಮೇಲೆ, ಐದು ಗಂಟೆಯ ಫೋನು ಬರುವ ಮೊದಲು, ಈ ಮನೆಯಲ್ಲಿ ಒಂದು ಕೈ ಇದನ್ನು ತುಂಬುತ್ತಿದೆ. ಎರಡು ದಿನವೂ ಅಂಕಿ ಬದಲಾದದ್ದು ನಾನು ಅಲ್ಲಿಲ್ಲದ ಆ ಮೂರು ಗಂಟೆಯಲ್ಲೇ.

ಮೋಡೆಮ್ಮನ್ನು ಚೀಲದಿಂದ ತೆಗೆಯಲೇ ಇಲ್ಲ. ಹೊಸ ಅಂಕಿ ತುಂಬಿದೆ. ಸೊಸೆ ಟೈಪು ಮಾಡಲು ಕೂತಳು. ಪಟ್ಟಿ ಇಲ್ಲದ್ದರಿಂದ ಕೆಲಸ ನಿಧಾನ. ಉಳಿದದ್ದು ಹನ್ನೆರಡು. ಊಟವಾಯಿತು. ಎರಡು ಗಂಟೆಯಾಯಿತು.

"ಮಾಸ್ತರಿಗೆ ಬಸ್ಸಿನ ಹೊತ್ತಾತು," ಎಂದರು ಮಾವ, ಗೋಡೆಯ ಗಡಿಯಾರವನ್ನು ಕೈಗಡಿಯಾರದೊಂದಿಗೆ ತಾಳೆ ನೋಡಿ.

"ಇವತ್ತು ಹೋಗೂದಿಲ್ಲ. ಇಲ್ಲೇ ಕೂರ್ತೆ," ಎಂದೆ.

ಜಗಲಿಯ ಆಚೆ ಮೂಲೆಯಲ್ಲಿ ಒಂದು ಕುರ್ಚಿ ಹಿಡಿದೆ. ಕೆಲಸ ಮಾಡದೆ ಸುಮ್ಮನೆ ನೋಡುತ್ತ ಕೂರುವುದು ನನ್ನ ಕಸುಬಿನಲ್ಲಿ ನಾಚಿಕೆಗೇಡು. ಆದರೆ ಮೂರು ದಿನ ಕೆಲಸ ಮಾಡಿ ಆಗಿದ್ದೇನು ಎಂದು ನೋಡಿದರೆ ನಾಚಿಕೆಗೆ ಹೊಸದಾಗಿ ಜಾಗವಿರಲಿಲ್ಲ.

ಮೂರಕ್ಕೆ ಐದು ನಿಮಿಷವಿದ್ದಾಗ ದೂರದಲ್ಲಿ ಗುಡುಗಿತು.

"ಹಪ್ಪಳ!" ಎಂದು ಅತ್ತೆ ಕೂಗಿದರು. ಹಲಸಿನ ಹಪ್ಪಳ ತಾರಸಿಯ ಮೇಲೆ ಒಣಗುತ್ತಿತ್ತು. ಅತ್ತೆ ಮುಂದೆ, ಸೊಸೆ ಹಿಂದೆ, ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಜಗಲಿ ಖಾಲಿಯಾಯಿತು.

ಮಾವ ಎದ್ದರು. ಅವಸರವಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡರು. ಕಂಪ್ಯೂಟರಿನ ಮೇಜಿನ ಕೆಳಗಿನ ಪುಟ್ಟ ಕಪಾಟು ತೆರೆದು, ಪ್ಲಾಸ್ಟಿಕ್ಕು ಹೊದಿಸಿದ ಒಂದು ಹಾಳೆ ತೆಗೆದರು. ಅದರ ತಲೆಯ ಮೇಲೆ ಆಯುಧಪೂಜೆಯ ಕುಂಕುಮದ ಬೊಟ್ಟು. ಕಂಪ್ಯೂಟರು ಬಂದ್ ಮಾಡಿ, ಹಾಳೆಯನ್ನು ಎಡಗೈಯಲ್ಲಿ ಹಿಡಿದು, ಒಂದು ಸಾಲು ಓದುವುದು, ಒಂದು ಕೆಲಸ ಮಾಡುವುದು. ಫೋನಿನ ತಂತಿ ಕಿತ್ತರು. ಕರೆಂಟಿನ ತಂತಿ ಕಿತ್ತರು. ಆಮೇಲೆ ಕುರ್ಚಿಯಲ್ಲಿ ಕೂತು ಗುಡುಗು ಎಣಿಸಿದರು. ಕೊನೆಯ ಗುಡುಗಿನಿಂದ ಗಡಿಯಾರ ಹಿಡಿದು ಅರ್ಧ ಗಂಟೆ ಕಾದರು. ತಂತಿಗಳನ್ನು ಜೋಡಿಸಿದರು. ಕಂಪ್ಯೂಟರು ಎದ್ದಿತು. ಒಂದೊಂದೇ ಕಿಟಕಿ ತೆರೆದು ಡಿಎನ್‌ಎಸ್ ಪುಟಕ್ಕೆ ಬಂದರು. ನನ್ನ ಅಂಗಡಿಗೆ ಬರುವ ಕಾಲೇಜು ಪದವೀಧರರಿಗೆ ಆ ಪುಟ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹಾಳೆಯ ಮೇಲೆ ಒಂದು ಬೆರಳು, ಪರದೆಯ ಮೇಲೆ ಒಂದು ಬೆರಳು. ತಲೆಯಾಡಿಸಿದರು. ಅಳಿಸಿದರು. ತುಂಬಿದರು.

ನಾನು ಎದ್ದು ಹೋಗಿ ಹಿಂದೆ ನಿಂತೆ.

"ಎಂತ ಮಾಡ್ತಾ ಇದ್ರಿ?"

"ತಾಳೆ ನೋಡ್ತಾ ಇದ್ದೆ, ಮಾಸ್ತರೆ. ಮೂರು ದಿನದಿಂದ ದಿನಾ ತಪ್ಪು ಬತ್ತಾ ಇದ್ದು. ಆ ವೈರಸ್ಸು ಹೇಳಿದ್ರಲ್ಲಾ, ಅದೇ ಆಯಿಕ್ಕು."

ವೈರಸ್ಸು ನಾನೇ ಆಗಿದ್ದೆ. ಹಾಳೆ ಇಸಿದುಕೊಂಡು ನೋಡಿದೆ. ಟೈಪ್‌ರೈಟರಿನ ಅಕ್ಷರ. 'ರ' ಸ್ವಲ್ಪ ಮೇಲಕ್ಕೆ ಹಾರಿತ್ತು. ಜಗತ್ತಿನಲ್ಲಿ 'ರ' ಹಾಗೆ ಹಾರುವ ಟೈಪ್‌ರೈಟರು ಒಂದೇ ಇದೆ, ಅದು ನನ್ನದು. ಕೆಳಗೆ ನನ್ನ ಸಹಿ, ನನ್ನ ಸಂಸ್ಥೆಯ ನೀಲಿ ಮೊಹರು. ಎರಡು ವರ್ಷದ ಹಿಂದೆ ಜನ ಸಣ್ಣಪುಟ್ಟದ್ದಕ್ಕೂ ಫೋನು ಮಾಡಿ ಪೀಡಿಸುತ್ತಾರೆಂದು, ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಮನೆಗಳಿಗೆಲ್ಲ ಇಂಥದ್ದೊಂದನ್ನು ಹೊಡೆದು ಹಂಚಿದ್ದೆ. ಹಂಚಿದ ಮರುವಾರವೇ ಮರೆತಿದ್ದೆ. ನನಗೆ ಗೊತ್ತಿದ್ದಂತೆ ಉಳಿದವರೂ ಮರೆತಿದ್ದರು. ಮತ್ತಿಘಟ್ಟದವರು ಅದರಲ್ಲಿ ಅವಲಕ್ಕಿ ಕಟ್ಟಿದ್ದನ್ನು ನಾನೇ ಕಂಡಿದ್ದೆ. ಅದನ್ನು ಪೂರ್ತಿ ಓದಿ, ನಂಬಿ, ನಡೆಸಿದ ಮನುಷ್ಯ ಮೂರು ತಾಲೂಕಿನಲ್ಲಿ ಒಬ್ಬರೇ.

ಹಾಳೆಯಲ್ಲಿ ನನ್ನ ಗಾಂಭೀರ್ಯ ಹೀಗಿತ್ತು: "೧. ಗುಡುಗು ಕೇಳಿದೊಡನೆ ಫೋನಿನ ತಂತಿಯನ್ನೂ ಅನಂತರ ವಿದ್ಯುತ್ತಿನ ತಂತಿಯನ್ನೂ ಕೀಳತಕ್ಕದ್ದು. ೨. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯತಕ್ಕದ್ದು. ೩. ತಂತಿ ಜೋಡಿಸಿದ ಮೇಲೆ ಕೆಳಕಂಡ ಅಂಕಿಗಳು ಇವೆಯೇ ಎಂದು ನೋಡತಕ್ಕದ್ದು, ಇಲ್ಲದಿದ್ದಲ್ಲಿ ತುಂಬತಕ್ಕದ್ದು. ೪. ಯಾರು ಏನೇ ಹೇಳಿದರೂ ಇವನ್ನು ಬದಲಿಸತಕ್ಕದ್ದಲ್ಲ."

ನಾಲ್ಕನೆಯ ಕಲಮನ್ನು ಎರಡು ಸಲ ಓದಿದೆ. ಹಲ್ಲಿಯ ನೆನಪಾಯಿತು. ಹಲ್ಲಿಯೇ ವಾಸಿ ಅನಿಸಿತು.

"ನಿನ್ನೆ ಯಾರಾದ್ರೂ ಮುಟ್ಟಿದ್ರಾ ಕೇಳಿದ್ನಲ್ಲ. ಹೇಳಲಿಲ್ಲ ನೀವು."

"ಆನು ಎಲ್ಲಿ ಮುಟ್ಟಿದ್ದೆ? ಬರೆದಿದ್ದು ಹಾಂಗೇ ಇದ್ದಾ ನೋಡಿದ್ದು. ಅದು ದಿನದ ಕೆಲಸ."

"ಈ ಅಂಕಿ ಈಗ ಇಲ್ಲ. ಬದಲಾಯ್ತು. ಎಕ್ಸ್‌ಚೇಂಜಿನವ್ರೇ ಹೇಳಿದಾರೆ."

"ಬರವಣಿಗೇಲಿ ಇದ್ದಾ?"

ನನ್ನ ಬಳಿ ಇದ್ದದ್ದು ಬಸ್ ಟಿಕೇಟು. ಅದನ್ನು ತೋರಿಸಿದೆ. ಅವರು ಎರಡೂ ಬದಿ ನೋಡಿ, ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು.

"ಆ ಹಾಳೆ ಕೊಡಿ, ಹರಿದು ಹಾಕ್ತೆ. ಬರೆದವನು ನಾನೇ ಅಲ್ವಾ?"

"ಬರೆದವ್ರೇ ಆದ್ರೂ ದಾಖಲೆ ಹರಿವಲೆ ಬತ್ತಿಲ್ಲೆ, ಮಾಸ್ತರೆ. ಹಾಂಗೆ ಹರೀತಾ ಹೋದ್ರೆ ಊರಲ್ಲಿ ಯಾರ ಗದ್ದೆ ಯಾರದ್ದು ಹೇಳಿ ಗೊತ್ತಾಗ್ತಿತ್ತಾ?"

ಅಷ್ಟರಲ್ಲಿ ಒಳಗೆ ಹಪ್ಪಳ ಡಬ್ಬಿಗೆ ತುಂಬುತ್ತಿದ್ದ ಸೊಸೆ ಜಗಲಿಗೆ ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾವನನ್ನು ನೋಡಿದಳು, ನನ್ನನ್ನು ನೋಡಿದಳು. ಅಳಿಸಿಹೋದ ಪಟ್ಟಿಯ ನೆನಪು ಅವಳ ಮುಖದಲ್ಲಿ ಹಾದುಹೋದದ್ದು ನನಗೆ ಕಾಣಿಸಿತು. "ಮಾವ, ನಾಳೆ ಐದಕ್ಕೆ ಎನ್ನ ಕೆಲಸ ಹೋಗ್ತು," ಎಂದಳು. ದನಿ ಏರಲಿಲ್ಲ.

"ಕೆಲಸ ಹೋಪಲಾಗ ಹೇಳೇ ಅಲ್ದನೇ ತಂಗಿ ಆನು ದಿನಾ ನೋಡಿದ್ದು?" ಎಂದರು ಮಾವ. ಅವರ ಮುಖ ಸಣ್ಣದಾಯಿತು. ಸೊಸೆಯ ಕೆಲಸ ಉಳಿಯಲೆಂದೇ ಅವರು ಮೂರು ದಿನ ಅದನ್ನು ಕೆಡಿಸಿದ್ದರು. ನಾನೂ ಅದನ್ನೇ ಮಾಡಿದ್ದೆ, ಮೇಲೆ ಪಟ್ಟಿಯನ್ನೂ ಅಳಿಸಿದ್ದೆ.

ಕಂಪ್ಯೂಟರಿಗೆ ಗುಪ್ತಪದ ಹಾಕಿ ಅವರು ಆ ಪುಟಕ್ಕೆ ಹೋಗದಂತೆ ಮಾಡಬಹುದಿತ್ತು. ಐದು ನಿಮಿಷದ ಕೆಲಸ. ಕೈ ಕೀಲಿಮಣೆಯ ಮೇಲೆ ಹೋಗಿಯೂ ಇತ್ತು. ಆದರೆ ಮೂರು ತಾಲೂಕಿನಲ್ಲಿ ನನ್ನ ಬರವಣಿಗೆಯನ್ನು ನಂಬಿದ ಏಕೈಕ ಮನುಷ್ಯನನ್ನು ಕಳ್ಳನಂತೆ ಹೊರಗಿಡಲು ಮನಸ್ಸು ಬರಲಿಲ್ಲ. ಅವರ ಕಚೇರಿಯ ದಾರಿಯಲ್ಲೇ ಹೋಗಬೇಕು ಎಂದು ತೀರ್ಮಾನಿಸಿದೆ.

"ತಿದ್ದುಪಡಿ ಪತ್ರ ಬರೆದ್ರೆ ಆಗ್ತದಾ?"

ಮಾವ ನೆಟ್ಟಗೆ ಕೂತರು. "ಅದಕ್ಕೆ ಅಡ್ಡಿಲ್ಲೆ. ತಿದ್ದುಪಡಿ ಪತ್ರ ಆಗ್ತು."

ಗೀಟಿನ ದೊಡ್ಡ ಹಾಳೆ ಬಂತು. ಮಸಿಪೆನ್ನು ಬಂತು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ಹಿಂದಿನ ಹಾಳೆಯ ಮೂರನೆಯ ಕಲಮಿನಲ್ಲಿ ಕಾಣಿಸಿದ ಅಂಕಿಗಳನ್ನು ಈ ಮೂಲಕ ರದ್ದುಪಡಿಸಿ, ಅವುಗಳ ಬದಲು ಕೆಳಕಂಡ ಅಂಕಿಗಳನ್ನು ಓದಿಕೊಳ್ಳತಕ್ಕದ್ದು, ಉಳಿದ ಕಲಮುಗಳು ಯಥಾಸ್ಥಿತಿ ಮುಂದುವರಿಯತಕ್ಕದ್ದು.

ಇಲ್ಲಿ ನನಗೆ ಒಂದು ಬುದ್ಧಿ ಹೊಳೆಯಿತು. ಗುಮಾಸ್ತ ನಾಳೆ ಮತ್ತೆ ಕುರ್ಚಿ ಬದಲಿಸಿದರೆ? ಅಂಕಿಯೇ ಬೇಡ, 'ತಾನಾಗಿ ಪಡೆಯಲಿ' ಎಂದು ಬರೆದು ಜಾಗ ಖಾಲಿ ಬಿಡೋಣ ಎಂದೆ. ಜೀವನದಲ್ಲಿ ಮೊದಲ ಬಾರಿಗೆ ತಾನಾಗಿ ಆಗುವುದನ್ನು ನಂಬಲು ಹೊರಟಿದ್ದೆ.

ಅವರು ಹೌಹಾರಿದರು. "ಖಾಲಿ ಜಾಗ ಬಿಟ್ಟ ದಾಖಲೆಗೆ ಆನು ಸಹಿ ಹಾಕ್ತ್ನಿಲ್ಲೆ. ನಾಳೆ ಯಾರು ಬೇಕಾದ್ರೂ ಎಂತ ಬೇಕಾದ್ರೂ ತುಂಬ್ಲಕ್ಕು."

ಅಂಕಿ ಬರೆದೆ. ಒಂದೊಂದನ್ನೂ ಬಿಡಿಬಿಡಿಯಾಗಿ. ಕೆಳಗೆ ಅಕ್ಷರದಲ್ಲೂ ಬರೆಯಿಸಿದರು, ಚುಕ್ಕೆಗಳ ಸಮೇತ. ಸಾಕ್ಷಿ ಇಬ್ಬರು ಬೇಕು. ಸೊಸೆ ಮುಂದೆ ಬಂದಳು.

"ನಿಂಗೆ ಆಗ್ತಿಲ್ಲೆ ತಂಗಿ. ಇದರಲ್ಲಿ ಲಾಭ ನಿಂದೇ. ಲಾಭದವ್ರು ಸಾಕ್ಷಿ ಆಪಲಾಗ."

ಅತ್ತೆ ಒಂದು ಸಹಿ ಹಾಕಿದರು, "ಎನ್ನ ಆಸ್ತಿ ಎಂತಾದ್ರೂ ಹೋಗ್ತನಾ ಇದರಲ್ಲಿ?" ಎಂದು ಕೇಳಿಕೊಂಡು. ಇನ್ನೊಂದು ಸಹಿ, ಮೊಸರಿಗೆ ಹೆಪ್ಪು ಕೇಳಲು ಲೋಟ ಹಿಡಿದು ಬಂದಿದ್ದ ಪಕ್ಕದ ಮನೆಯಾಕೆಯದು. ಆಕೆ ಏನು ಎತ್ತ ಎಂದೂ ಕೇಳಲಿಲ್ಲ. ನೋಂದಣಿ ಕಚೇರಿಯವರ ನೆರೆಯಲ್ಲಿದ್ದು ಅಭ್ಯಾಸವಾಗಿತ್ತು. ನಾನು ಸಹಿ ಹಾಕಿದೆ. ಮೊಹರು ಶಿರಸಿಯಲ್ಲಿತ್ತು, ಹೆಬ್ಬೆಟ್ಟು ಒತ್ತಿದೆ. ಕೊನೆಗೆ ಮಾವ ಪತ್ರವನ್ನೂ ಬಸ್ ಟಿಕೇಟನ್ನೂ ಪಕ್ಕಪಕ್ಕ ಇಟ್ಟು ಓದಿ, 'ತಾಳೆ ನೋಡಿದೆ' ಎಂದು ಬರೆದು, ಹಳೆಯ ಹಾಳೆಯ ಹಿಂದೆ ಟಾಚಣಿಯಿಂದ ಚುಚ್ಚಿದರು. ಆಮೇಲೆ ಪರದೆಯ ಎದುರು ಕೂತು ತಾವೇ ಹೊಸ ಅಂಕಿ ತುಂಬಿದರು. ಪುಟ ತೆರೆಯಿತು.

ಶನಿವಾರ ನಾನು ಹೋಗಬೇಕಾಗಿರಲಿಲ್ಲ. ಹೋದೆ. ಸೊಸೆ ರಾತ್ರಿಯೆಲ್ಲ ಟೈಪು ಮಾಡಿದ್ದಳು. ಕಣ್ಣು ಕೆಂಪಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹದಿನೈದು ಹೋಗಿ ಮೂರು ಉಳಿದಿತ್ತು. ಆ ಮೂರನ್ನು ಮೂರೂಮುಕ್ಕಾಲು ಗಂಟೆಗೆ ಮುಗಿಸಿದಳು. ಕಳಿಸಲು ಗುಂಡಿ ಒತ್ತಬೇಕು, ಗುಡುಗಿತು.

ಮಾವ ಎದ್ದು ಬಂದು ಫೋನಿನ ತಂತಿ ಕಿತ್ತರು.

"ಮಾವ, ಎರಡೇ ನಿಮಿಷ!"

"ಒಂದನೇ ಕಲಮು ಯಥಾಸ್ಥಿತಿ ಇದ್ದು," ಎಂದರು ಮಾವ. ನನ್ನ ಕಡೆ ನೋಡಿದರು. ಬರೆದವನು ನಾನು. ಸೊಸೆಯೂ ನನ್ನ ಕಡೆ ನೋಡಿದಳು. ಗೋಡೆಯ ಮೇಲಿನ ದೇವರ ಪಟದ ಕಡೆ ನೋಡುವುದೊಂದೇ ನನಗೆ ಉಳಿದಿತ್ತು.

ನಾಲ್ಕಕ್ಕೆ ಇನ್ನೊಮ್ಮೆ ಗುಡುಗಿತು. ಅಲ್ಲಿಂದ ಅರ್ಧ ಗಂಟೆ ಎಣಿಕೆ. ಅತ್ತೆ ಹಪ್ಪಳ ಒಳಗೆ ತಂದಿಟ್ಟು ಬಂದು ಸೊಸೆಯ ಪಕ್ಕ ನಿಂತರು. ಆಸರಿಗೆ ಬೇಕೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಾಲ್ಕೂವರೆಯಾಯಿತು, ಮತ್ತೆ ಗುಡುಗಲಿಲ್ಲ. ಮಾವ ತಂತಿ ಜೋಡಿಸಿದರು. ಕಂಪ್ಯೂಟರು ತನ್ನ ಹೊತ್ತಿಗೆ ಎದ್ದಿತು. ಮೋಡೆಮ್ಮಿನ ದೀಪ ಮಿಣುಕುತ್ತ ಮಿಣುಕುತ್ತ ನಿಂತಿತು. ಅವರು ಡಿಎನ್‌ಎಸ್ ಪುಟ ತೆರೆದು, ಪತ್ರದ ಮೇಲೆ ಒಂದು ಬೆರಳು, ಪರದೆಯ ಮೇಲೆ ಒಂದು ಬೆರಳು ಇಟ್ಟು, ಅಂಕಿ ಅಂಕಿ, ಚುಕ್ಕೆ ಚುಕ್ಕೆ ಓದಿದರು. ಮೊದಲ ಸಾಲು. ಎರಡನೆಯ ಸಾಲು. ಗಡಿಯಾರ ನಾಲ್ಕು ನಲವತ್ತೆಂಟು ತೋರಿಸುತ್ತಿತ್ತು.

"ಸರಿ ಇದ್ದು," ಎಂದು ಕುರ್ಚಿ ಬಿಟ್ಟು ಎದ್ದರು. "ಕಳಿಸು ತಂಗಿ."

ನಾಲ್ಕು ಐವತ್ತೆರಡಕ್ಕೆ ಹದಿನೆಂಟನೆಯ ಕಡತ ಹೋಯಿತು. ಹತ್ತು ದಿನದ ಮೇಲೆ ಅವಳಿಗೆ ಕೆಲಸದ ಪತ್ರ ಬಂತು. ಮಾವ ಅದನ್ನು ತಾಳೆ ನೋಡಿ ಕಪಾಟಿನಲ್ಲಿ ಇಟ್ಟರು.